ಮೊದಲು ಟಿಸಿ, ಆಮೇಲೆ ಸೀಟು: ತುಮಕೂರಿನಿಂದ ಚಿಕ್ಕಬಳ್ಳಾಪುರಕ್ಕೆ ಒಂದು ಬಿಎಸ್ಸಿ ವರ್ಗಾವಣೆಯ ಪ್ರಕರಣ

ಹುಡುಗಿ 2023-24ರಲ್ಲಿ ತುಮಕೂರಿನ ಒಂದು ಕಾಲೇಜಿನಲ್ಲಿ ಬಿಎಸ್ಸಿಗೆ ಸೇರಿದಳು. ಕಾಂಬಿನೇಷನ್ ಭೌತಶಾಸ್ತ್ರ ಮತ್ತು ಗಣಿತ. ನಾಲ್ಕು ವರ್ಷದ ಆನರ್ಸ್ ಪದವಿಗೆ ದಾರಿಯಿದ್ದ ರಾಷ್ಟ್ರೀಯ ಶಿಕ್ಷಣ ನೀತಿಯ (ಎನ್‌ಇಪಿ) ಪಠ್ಯಕ್ರಮದ ಕೊನೆಯ ಬ್ಯಾಚು ಅದು. ತಾಯಿ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. 2024ರಲ್ಲಿ ಅವರಿಗೆ ಚಿಕ್ಕಬಳ್ಳಾಪುರಕ್ಕೆ ವರ್ಗವಾಯಿತು, ಮನೆ ಬದಲಾಯಿತು, ಮಗಳ ಕಾಲೇಜೂ ಬದಲಾಗಬೇಕಾಯಿತು. ಸೇರಬೇಕೆಂದಿದ್ದ ಕಾಲೇಜಿನಲ್ಲಿ ಅದೇ ಕಾಂಬಿನೇಷನ್ ಇತ್ತು, ಸೀಟೂ ಖಾಲಿ ಇತ್ತು. ಫಲಿತಾಂಶ ಬಂದಾಗ ಒಂದು ಪತ್ರಿಕೆಯೂ ಬಾಕಿ ಉಳಿದಿರಲಿಲ್ಲ. ಇಷ್ಟೆಲ್ಲ ಅನುಕೂಲವಿದ್ದೂ ಒಂದು ವರ್ಷ ಹೋಯಿತು, ಅದರ ಜೊತೆಗೆ ನಾಲ್ಕು ವರ್ಷದ ಪದವಿಯ ಅವಕಾಶವೂ ಹೋಯಿತು. ಬೇಕಾದ ಕಾಗದಗಳೆಲ್ಲ ಸಿಗುವಂಥವೇ ಆಗಿದ್ದವು. ಅವನ್ನು ತೆಗೆದುಕೊಂಡ ಕ್ರಮ ತಪ್ಪಿತ್ತು.

ವಿದ್ಯಾರ್ಥಿನಿಯ ಹೆಸರಾಗಲಿ ಕಾಲೇಜುಗಳ ಹೆಸರಾಗಲಿ ಇಲ್ಲಿಲ್ಲ. ಇಂಥ ಪ್ರಕರಣಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಬ್ಬಳ ಸುತ್ತ ಜೋಡಿಸಿ ಬರೆದಿದೆ.

ಕಾಲೇಜು ಬದಲಾವಣೆಯೋ, ವಿಶ್ವವಿದ್ಯಾಲಯ ಬದಲಾವಣೆಯೋ

ಮನೆಯವರು ಇದನ್ನು ಕಾಲೇಜು ಬದಲಾವಣೆ ಎಂದುಕೊಂಡಿದ್ದರು. ಅದಕ್ಕೆ ಟಿಸಿ ಸಾಕು ಎಂದೂ ಅಂದುಕೊಂಡಿದ್ದರು. ಆದರೆ ತುಮಕೂರು ಜಿಲ್ಲೆಯ ಪದವಿ ಕಾಲೇಜುಗಳು 2004ರಲ್ಲಿ ಸ್ಥಾಪನೆಯಾದ ತುಮಕೂರು ವಿಶ್ವವಿದ್ಯಾಲಯದ ವ್ಯಾಪ್ತಿಯವು. ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಕಾಲೇಜುಗಳು ಬೆಂಗಳೂರು ವಿಶ್ವವಿದ್ಯಾಲಯದ ವಿಭಜನೆಯಿಂದ ಹುಟ್ಟಿ 2017ರಲ್ಲಿ ಕೆಲಸ ಶುರುಮಾಡಿದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಸೇರಿದವು; ಅದರ ಕಚೇರಿ ಕೋಲಾರದ ಟಮಕದಲ್ಲಿದೆ. ತುಮಕೂರು ಜಿಲ್ಲೆಯ ಮಧುಗಿರಿ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ಅಕ್ಕಪಕ್ಕದ ತಾಲ್ಲೂಕುಗಳು. ಅಲ್ಲಿನ ಕಾಲೇಜು ಬಿಟ್ಟು ಇಲ್ಲಿಗೆ ಸೇರಿದರೂ ಪಠ್ಯಕ್ರಮ, ಅದನ್ನು ರೂಪಿಸುವ ಅಧ್ಯಯನ ಮಂಡಳಿ, ಪರೀಕ್ಷಾ ವಿಭಾಗ, ರಿಜಿಸ್ಟರ್ ನಂಬರು ಎಲ್ಲವೂ ಬದಲಾಗುತ್ತವೆ.

ಎಂಜಿನಿಯರಿಂಗ್ ಓದುವವರಿಗೆ ಈ ತಲೆಬಿಸಿ ಸಾಮಾನ್ಯವಾಗಿ ಇಲ್ಲ. ತುಮಕೂರಿನಲ್ಲಿ ಓದಲಿ, ಚಿಕ್ಕಬಳ್ಳಾಪುರದಲ್ಲಿ ಓದಲಿ, ಹೆಚ್ಚಿನ ಕಾಲೇಜುಗಳು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೇ (ವಿಟಿಯು) ಸೇರಿರುತ್ತವೆ. ನರ್ಸಿಂಗ್ ಕಾಲೇಜುಗಳದ್ದೂ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿ ಇದೇ ಕಥೆ. ಅಲ್ಲಿ ನೋಡಿಕೊಳ್ಳಬೇಕಾದದ್ದು ಕಾಲೇಜು ಸ್ವಾಯತ್ತವೋ ಅಲ್ಲವೋ, ಡೀಮ್ಡ್ ವಿಶ್ವವಿದ್ಯಾಲಯವೋ ಎಂಬುದನ್ನು. ಸ್ವಾಯತ್ತ ಕಾಲೇಜಿಗೆ ತನ್ನದೇ ಪಠ್ಯಕ್ರಮ ಇರುತ್ತದೆ. ಬಿಎ, ಬಿಎಸ್ಸಿ, ಬಿಕಾಂನವರಿಗೆ ಮಾತ್ರ ಜಿಲ್ಲೆ ದಾಟಿದರೆ ಎಷ್ಟೋ ಸಲ ವಿಶ್ವವಿದ್ಯಾಲಯ ದಾಟಿದಂತೆಯೇ.

2024: ಒಂದಕ್ಕೊಂದು ಕಾಯುವ ಕಾಗದಗಳು

ಎರಡನೇ ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ತಂದೆ ತುಮಕೂರಿನ ಕಾಲೇಜಿಗೆ ಹೋಗಿ ಟಿಸಿಗೆ ಅರ್ಜಿ ಕೊಟ್ಟರು. ಮೂರನೇ ಸೆಮಿಸ್ಟರ್‌ನ ಫೀಸು ಸುಮ್ಮನೆ ಯಾಕೆ ಕಟ್ಟಬೇಕು ಎಂಬ ಲೆಕ್ಕ ಅವರದು. ಗ್ರಂಥಾಲಯ, ಲ್ಯಾಬು, ಕಚೇರಿಯ ನೋ ಡ್ಯೂ ಸಹಿಗಳಾದವು, ಟಿಸಿ ಕೈಗೆ ಬಂತು. ಅದನ್ನು ಹಿಡಿದುಕೊಂಡು ಚಿಕ್ಕಬಳ್ಳಾಪುರದ ಕಾಲೇಜಿಗೆ ಹೋದಾಗ ಕಚೇರಿಯಲ್ಲಿ ಕೇಳಿದ್ದು ಇಷ್ಟು: ಎರಡೂ ಸೆಮಿಸ್ಟರ್‌ನ ಅಂಕಪಟ್ಟಿ, ಹಳೆಯ ವಿಶ್ವವಿದ್ಯಾಲಯ ಬಿಟ್ಟು ಹೋಗಲು ಅದು ಕೊಡುವ ಮೈಗ್ರೇಷನ್ ಸರ್ಟಿಫಿಕೇಟು, ಹಳೆಯ ಕಾಲೇಜಿನ ಎನ್‌ಒಸಿ (ಅಭ್ಯಂತರವಿಲ್ಲ ಎಂಬ ಪತ್ರ), ಪ್ರಾಂಶುಪಾಲರು ದೃಢೀಕರಿಸಿದ ಪಠ್ಯಕ್ರಮದ ಪ್ರತಿ, ಮತ್ತು ಹೊಸ ವಿಶ್ವವಿದ್ಯಾಲಯದಿಂದ ತತ್ಸಮಾನತೆಯ ಪತ್ರ, ಅಂದರೆ ಹಳೆಯ ಕಡೆಯ ಓದು ಇಲ್ಲಿನದಕ್ಕೆ ಸಮ ಎಂದು ಒಪ್ಪುವ ಪತ್ರ.

ಇಲ್ಲಿಂದ ಸುತ್ತು ಶುರುವಾಯಿತು. ತತ್ಸಮಾನತೆಯ ಪತ್ರಕ್ಕೆ ಎರಡನೇ ಸೆಮಿಸ್ಟರ್ ಅಂಕಪಟ್ಟಿ ಬೇಕು. ಫಲಿತಾಂಶ ಇನ್ನೂ ಬಂದಿರಲಿಲ್ಲ. ಮೌಲ್ಯಮಾಪನ ಮುಗಿದು ಫಲಿತಾಂಶ ಬರುವ ಹೊತ್ತಿಗೆ ಮುಂದಿನ ಸೆಮಿಸ್ಟರ್ ಪಾಠ ಶುರುವಾಗಿರುವುದು ನಮ್ಮ ಎಲ್ಲ ವಿಶ್ವವಿದ್ಯಾಲಯಗಳ ಮಾಮೂಲು. ಮೈಗ್ರೇಷನ್ ಅರ್ಜಿಯ ಜೊತೆಗೂ ಅಂಕಪಟ್ಟಿ ಲಗತ್ತಿಸಬೇಕು. ಫಲಿತಾಂಶ ಬಂದು, ಮೈಗ್ರೇಷನ್ ಸಿಕ್ಕಿ, ಪಠ್ಯಕ್ರಮದ ಕಡತ ಅಧ್ಯಯನ ಮಂಡಳಿಯ ಅಧ್ಯಕ್ಷರ ಮೇಜಿಗೆ ಹೋಗುವಷ್ಟರಲ್ಲಿ ಪ್ರವೇಶದ ಕೊನೆಯ ದಿನವೂ ದಂಡ ಸಹಿತ ಕೊನೆಯ ದಿನವೂ ಕಳೆದಿತ್ತು.

ಹಳೆಯ ಕಾಲೇಜಿಗೇ ವಾಪಸು ಹೋಗೋಣವೆಂದರೆ ಅಲ್ಲಿ ಸಿಕ್ಕ ಉತ್ತರ: "ಟಿಸಿ ತಗೊಂಡ್ಮೇಲೆ ಮಗು ನಮ್ಮ ರೋಲಲ್ಲೇ ಇಲ್ವಲ್ಲ ಸಾರ್. ಈಗ ತಗೊಂಡ್ರೂ ಅಟೆಂಡೆನ್ಸ್ ಎಲ್ಲಿಂದ ತರೋದು?" ಮಾತು ಒರಟಾದರೂ ಲೆಕ್ಕ ಸರಿ. ಪರೀಕ್ಷೆಗೆ ಕೂರಲು ಶೇ. 75 ಹಾಜರಾತಿ ಬೇಕು. ಅರ್ಧ ಸೆಮಿಸ್ಟರ್ ಕಳೆದ ಮೇಲೆ ಸೇರಿದವರಿಗೆ ಅದು ಯಾವ ರೀತಿಯಲ್ಲೂ ತುಂಬುವುದಿಲ್ಲ.

ಟಿಸಿ ತೆಗೆದುಕೊಳ್ಳದೆ ಇದ್ದಿದ್ದರೆ ಎರಡು ದಾರಿ ತೆರೆದಿದ್ದವು. ಒಂದು, ತುಮಕೂರಿನಲ್ಲೇ ಮೂರನೇ ಸೆಮಿಸ್ಟರ್ ಫೀಸು ಕಟ್ಟಿ ತರಗತಿಗೆ ಹೋಗುತ್ತಾ ಕಡತ ಓಡಿಸುವುದು. ವರ್ಗಾವಣೆ ಆಗದಿದ್ದರೂ ಸೆಮಿಸ್ಟರ್ ಉಳಿಯುತ್ತಿತ್ತು. ದಾಬಸ್‌ಪೇಟೆ, ದೊಡ್ಡಬಳ್ಳಾಪುರ ದಾಟಿ ದಿನಾ ಓಡಾಡುವ ದೂರ ಅದಲ್ಲ, ಬಸ್ಸಿನ ಟಿಕೆಟ್ಟು ಶಕ್ತಿ ಯೋಜನೆಯಲ್ಲಿ ಉಚಿತವಾದರೂ ದಿನ ಉಚಿತವಲ್ಲ. ಹಾಗಾಗಿ ಹಾಸ್ಟೆಲ್ ಬೇಕಾಗುತ್ತಿತ್ತು. ಇನ್ನೊಂದು, ಹೊಸ ಕಾಲೇಜಿನಲ್ಲಿ ಮುಚ್ಚಳಿಕೆ ಬರೆದುಕೊಟ್ಟು ತಾತ್ಕಾಲಿಕ ಪ್ರವೇಶ ಕೇಳುವುದು, ಅಂದರೆ ಫಲಿತಾಂಶ ಮತ್ತು ಮೈಗ್ರೇಷನ್ ಬಂದ ಕೂಡಲೇ ಸಲ್ಲಿಸುತ್ತೇನೆ ಎಂಬ ಷರತ್ತಿನ ಮೇಲೆ. ಇದು ಪ್ರಾಂಶುಪಾಲರ ಮಟ್ಟದಲ್ಲಿ ಮುಗಿಯುವುದಿಲ್ಲ, ವಿಶ್ವವಿದ್ಯಾಲಯದ ಕುಲಸಚಿವರ (ರಿಜಿಸ್ಟ್ರಾರ್) ಅನುಮತಿ ಬೇಕು. ಆ ಅರ್ಜಿಯನ್ನು ಇಲ್ಲಿ ಯಾರೂ ಕೊಡಲೇ ಇಲ್ಲ.

ಎನ್‌ಒಸಿಯಲ್ಲೂ ಒಂದು ಎಡವಟ್ಟು ನಡೆದಿತ್ತು. ಅದರಲ್ಲಿ ಬರೆದದ್ದು "ಈ ವಿದ್ಯಾರ್ಥಿನಿ ಬೇರೆ ಕಾಲೇಜಿಗೆ ಸೇರಲು ನಮ್ಮ ಅಭ್ಯಂತರವಿಲ್ಲ" ಎಂಬ ಒಂದೇ ಸಾಲು. ಯಾವ ವಿಶ್ವವಿದ್ಯಾಲಯಕ್ಕೆ, ಯಾವ ಸೆಮಿಸ್ಟರ್‌ಗೆ, ಯಾವ ಪಠ್ಯಕ್ರಮದಲ್ಲಿ ಎಂಬುದು ಇಲ್ಲದಿದ್ದರಿಂದ ಕಡತ ಒಮ್ಮೆ ವಾಪಸು ಬಂತು. ಬರೆಸಿಕೊಳ್ಳಬೇಕಾದದ್ದು ಹೀಗೆ: "2023-24ನೇ ಸಾಲಿನಲ್ಲಿ ಎನ್‌ಇಪಿ ಪಠ್ಯಕ್ರಮದ ಬಿಎಸ್ಸಿ (ಭೌತಶಾಸ್ತ್ರ, ಗಣಿತ) ಪದವಿಗೆ ಪ್ರವೇಶ ಪಡೆದು 1 ಮತ್ತು 2ನೇ ಸೆಮಿಸ್ಟರ್ ವ್ಯಾಸಂಗ ಪೂರ್ಣಗೊಳಿಸಿದ್ದು, ಇಂಥ ವಿಶ್ವವಿದ್ಯಾಲಯದ ಇಂಥ ಕಾಲೇಜಿನಲ್ಲಿ 2024-25ನೇ ಸಾಲಿನ 3ನೇ ಸೆಮಿಸ್ಟರ್‌ಗೆ ಸೇರಲು ಅಭ್ಯಂತರವಿಲ್ಲ; ಇವರ ಮೇಲೆ ಯಾವುದೇ ಶಿಸ್ತುಕ್ರಮವಾಗಲಿ ಬಾಕಿಯಾಗಲಿ ಇರುವುದಿಲ್ಲ." ಇಷ್ಟಿದ್ದರೆ ಟೇಬಲ್ಲಿನಿಂದ ಟೇಬಲ್ಲಿಗೆ ಹೋಗುವಾಗ ಯಾರೂ ಪ್ರಶ್ನೆ ಹಾಕುವುದಿಲ್ಲ.

2025: ಮೂರನೇ ಸೆಮಿಸ್ಟರ್ ಇತ್ತು, ಅವಳ ಮೂರನೇ ಸೆಮಿಸ್ಟರ್ ಇರಲಿಲ್ಲ

ಒಂದು ವರ್ಷ ತಡವಾದರೆ ಒಂದು ವರ್ಷ ಹಿಂದೆ ಬೀಳುತ್ತಾರೆ, ಅಷ್ಟೇ ತಾನೆ? ಬೇರೆ ಯಾವ ವರ್ಷದಲ್ಲಾದರೂ ಹೌದು. ಈ ಬ್ಯಾಚಿಗೆ ಮಾತ್ರ ಅಲ್ಲ.

2024ರ ಮೇನಲ್ಲಿ ರಾಜ್ಯ ಸರ್ಕಾರ, ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಮೇರೆಗೆ, ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು 2024-25ರ ಪ್ರವೇಶದಿಂದ ಮೂರು ವರ್ಷದ ಪದವಿಗೆ ಮರಳಿತು. ಆಡುಮಾತಿನಲ್ಲಿ ಇದು ಎಸ್‌ಇಪಿ. 2021-22ರಿಂದ 2023-24ರವರೆಗೆ ಸೇರಿದ ಮೂರು ಬ್ಯಾಚುಗಳು ಎನ್‌ಇಪಿಯಲ್ಲೇ ಮುಂದುವರಿದವು. ಎನ್‌ಇಪಿ ಬಿಎಸ್ಸಿಯಲ್ಲಿ ಮೊದಲ ವರ್ಷ ಎರಡು ಮುಖ್ಯ ವಿಷಯ, ಜೊತೆಗೆ ಬೇರೆ ವಿಭಾಗದಿಂದ ಆರಿಸಿಕೊಳ್ಳುವ ಪತ್ರಿಕೆ, ಅಂದರೆ ಓಪನ್ ಎಲೆಕ್ಟಿವ್. ಎಸ್‌ಇಪಿಯಲ್ಲಿ ಹಿಂದಿನಂತೆ ಮೂರು ಮುಖ್ಯ ವಿಷಯ.

2025-26ರಲ್ಲಿ ಎಲ್ಲ ಕಾಗದಗಳೂ ಸಿದ್ಧವಾಗಿ ಅವಳು ಬಂದಾಗ ಮೂರನೇ ಸೆಮಿಸ್ಟರ್‌ನಲ್ಲಿ ಕೂತಿದ್ದವರು ಎಸ್‌ಇಪಿಯ ಮೊದಲ ಬ್ಯಾಚು. ಎನ್‌ಇಪಿಯ ಕೊನೆಯ ಬ್ಯಾಚು, ಅಂದರೆ ಅವಳ ಓರಗೆಯವರು, ಐದನೇ ಸೆಮಿಸ್ಟರ್‌ನಲ್ಲಿದ್ದರು. ಎನ್‌ಇಪಿಯ ಮೂರನೇ ಸೆಮಿಸ್ಟರ್ ಪಾಠ ಯಾವ ಕಾಲೇಜಿನಲ್ಲೂ ನಡೆಯುತ್ತಿರಲಿಲ್ಲ. ತುಮಕೂರಿಗೆ ಮರಳಿದರೂ ಇದೇ ಸ್ಥಿತಿ. ಹಳೆಯ ಪಠ್ಯಕ್ರಮದ ಪರೀಕ್ಷೆ ನಡೆಯುತ್ತಿದ್ದದ್ದು ಪತ್ರಿಕೆ ಬಾಕಿ ಉಳಿಸಿಕೊಂಡವರಿಗೆ. ಮೂರನೇ ಸೆಮಿಸ್ಟರ್‌ಗೆ ಸೇರಿಯೇ ಇಲ್ಲದವಳು ಅದಕ್ಕೆ ಕೂರುವಂತಿಲ್ಲ.

ಉಳಿದ ದಾರಿಗಳಲ್ಲಿ ಮೊದಲನೆಯದು ಮತ್ತೆ ಮೊದಲ ವರ್ಷಕ್ಕೇ ಸೇರುವುದು. ಕಡತ ಸರಳ, ಆದರೆ ಮುಗಿಸಿದ ವರ್ಷವೂ ಹೋಗಿ ಒಟ್ಟು ಎರಡು ವರ್ಷ ನಷ್ಟ; ಮುಗಿಸಿದ ವರ್ಷಕ್ಕೆ ಪಡೆದ ವಿದ್ಯಾರ್ಥಿವೇತನ ಮತ್ತೆ ಮೊದಲ ವರ್ಷಕ್ಕೆ ಸಿಗುವುದೂ ಕಷ್ಟ. ಎರಡನೆಯದು ದೂರ ಶಿಕ್ಷಣ. ಭೌತಶಾಸ್ತ್ರದ ಲ್ಯಾಬು ಬಿಡಲು ಮನೆಯವರಿಗೆ ಮನಸ್ಸಿರಲಿಲ್ಲ, ಸರಿಯಾಗಿಯೇ. ಮೂರನೆಯದು ಎಸ್‌ಇಪಿಯ ಮೂರನೇ ಸೆಮಿಸ್ಟರ್‌ಗೆ ಸೇರಿ, ಇಲ್ಲದ ಮೂರನೇ ವಿಷಯದ ಮೊದಲ ವರ್ಷವನ್ನು ಹೆಚ್ಚುವರಿಯಾಗಿ ಬರೆಯುವುದು. ಇದಕ್ಕೆ ವಿಶ್ವವಿದ್ಯಾಲಯದ ವಿಶೇಷ ಅನುಮತಿ ಬೇಕು. ಆರಿಸಿಕೊಂಡದ್ದು ಇದನ್ನೇ.

ಪತ್ರಿಕೆಗೆ ಪತ್ರಿಕೆ ಹೋಲಿಸಿದ ಹಾಳೆ

ತತ್ಸಮಾನತೆಯ ಅರ್ಜಿಯನ್ನು ಅಂಕಪಟ್ಟಿ ಮಾತ್ರ ಲಗತ್ತಿಸಿ ಕಳುಹಿಸಿದರೆ ಅದು ನಿಧಾನವಾಗುತ್ತದೆ, ಏಕೆಂದರೆ ಹೋಲಿಕೆಯ ಕೆಲಸವನ್ನು ಅಧ್ಯಯನ ಮಂಡಳಿಯವರೇ ಮಾಡಬೇಕಾಗುತ್ತದೆ. ಈ ಸಲ ಹುಡುಗಿಯೇ ಹೊಸ ಕಾಲೇಜಿನ ಗಣಿತ ಉಪನ್ಯಾಸಕರ ಸಹಾಯದಿಂದ ಒಂದು ಹಾಳೆ ಮಾಡಿದಳು. ಎಡಗಡೆ ಹಳೆಯ ಪತ್ರಿಕೆಯ ಹೆಸರು, ಕ್ರೆಡಿಟ್ (ಪತ್ರಿಕೆಯ ತೂಕ ಹೇಳುವ ಅಂಕಿ), ಬೋಧನಾ ಗಂಟೆ, ಘಟಕಗಳು, ಬಲಗಡೆ ಹೊಸದರದ್ದು, ಕೊನೆಯ ಕಾಲಂನಲ್ಲಿ ಘಟಕವಾರು "ಇದೆ", "ಇಲ್ಲ", "ಮುಂದೆ ಬರುತ್ತದೆ".

ಈ ಕೊನೆಯ ಕಾಲಂ ಬಹಳ ಮುಖ್ಯ. ಪತ್ರಿಕೆಯ ಹೆಸರು ಒಂದೇ ಇದ್ದರೂ ಒಳಗಿನ ಘಟಕಗಳು ಬೇರೆ ಬೇರೆ ಸೆಮಿಸ್ಟರ್‌ಗಳಲ್ಲಿ ಹಂಚಿಹೋಗಿರುತ್ತವೆ. ಎನ್‌ಇಪಿ ಕಾಲದಲ್ಲಿ ಕರ್ನಾಟಕ ರಾಜ್ಯ ಉನ್ನತ ಶಿಕ್ಷಣ ಪರಿಷತ್ತು ಮಾದರಿ ಪಠ್ಯಕ್ರಮ ಕೊಟ್ಟಿದ್ದರಿಂದ ವಿಶ್ವವಿದ್ಯಾಲಯಗಳ ನಡುವೆ ಹೋಲಿಕೆ ಇತ್ತು. ಎನ್‌ಇಪಿಯಿಂದ ಎಸ್‌ಇಪಿಗೆ ದಾಟುವಾಗ ಆ ಆಸರೆ ಇಲ್ಲ. ಗಣಿತದಲ್ಲಿ ಒಂದು ಘಟಕವನ್ನು ಹಳೆಯ ಕಡೆ ಮೂರನೇ ಸೆಮಿಸ್ಟರ್‌ನಲ್ಲಿ ಕಲಿಸುತ್ತಾರೆ, ಹೊಸ ಕಡೆ ಎರಡನೆಯದರಲ್ಲೇ ಮುಗಿಸಿರುತ್ತಾರೆ ಎಂದುಕೊಳ್ಳಿ. ಎರಡನೇ ಸೆಮಿಸ್ಟರ್ ಮುಗಿಸಿ ದಾಟಿದವಳಿಗೆ ಆ ಪಾಠ ಎರಡೂ ಕಡೆ ಸಿಗುವುದಿಲ್ಲ. ಮುಂದೆ ಅದರ ಮೇಲೆ ನಿಂತ ಪಾಠ ಬಂದಾಗ ತಳವೇ ಇರುವುದಿಲ್ಲ. ಇದರ ತದ್ವಿರುದ್ಧವೂ ಆಗುತ್ತದೆ, ಒಂದೇ ಪಾಠ ಎರಡು ಸಲ ಬರುತ್ತದೆ. ಅದು ಬೇಸರ ಅಷ್ಟೇ, ನಷ್ಟವಲ್ಲ. ನಡುವೆ ಬಿದ್ದುಹೋಗುವ ಘಟಕವನ್ನು ಹುಡುಕಲೆಂದೇ ಈ ಹಾಳೆ ಬೇಕು. ಅಧಿಕಾರಿಗಳು ಕೇಳದಿದ್ದರೂ ಮಾಡಿಕೊಳ್ಳುವುದು ಒಳ್ಳೆಯದು.

ಭಾಷಾ ಪತ್ರಿಕೆಗಳಲ್ಲಿ ತಕರಾರು ಬರಲಿಲ್ಲ. ಕನ್ನಡ, ಇಂಗ್ಲಿಷ್ ಪಠ್ಯಗಳು ಬೇರೆಯಾದರೂ ಒಪ್ಪಿಕೊಂಡರು. ಓಪನ್ ಎಲೆಕ್ಟಿವ್‌ಗೆ ಸಮನಾದದ್ದು ಹೊಸ ಕಡೆ ಇರಲಿಲ್ಲ, ಆ ಕ್ರೆಡಿಟ್ ಲೆಕ್ಕಕ್ಕೆ ಬರದೆ ಹೋಯಿತು. ಸಂವಿಧಾನದ ಕಡ್ಡಾಯ ಪತ್ರಿಕೆ ನಡುವೆ ಬಿದ್ದುಹೋದವುಗಳ ಸಾಲಿಗೆ ಸೇರಿತ್ತು: ಹಳೆಯ ಕಡೆ ಅದು ಎರಡನೇ ವರ್ಷಕ್ಕೆ, ಹೊಸ ಕಡೆ ಮೊದಲ ವರ್ಷಕ್ಕೆ. ಅದನ್ನೂ ಹೆಚ್ಚುವರಿಯಾಗಿ ಬರೆಯಬೇಕಾಯಿತು.

ಮೂರನೇ ವಿಷಯ ರಸಾಯನಶಾಸ್ತ್ರವೋ ಕಂಪ್ಯೂಟರ್ ಸೈನ್ಸೋ ಎಂಬುದು ಅವಳ ಕೈಯಲ್ಲಿತ್ತು. ಪಿಯುನಲ್ಲಿ ಓದಿದ್ದ ಧೈರ್ಯದ ಮೇಲೆ ರಸಾಯನಶಾಸ್ತ್ರ ಆರಿಸಿದಳು. ಥಿಯರಿಯನ್ನು ಮನೆಯಲ್ಲಿ ಕೂತು ಓದಿಕೊಳ್ಳಬಹುದು, ಲ್ಯಾಬನ್ನು ಆಗುವುದಿಲ್ಲ. ಬೆಸ ಸೆಮಿಸ್ಟರ್‌ನಲ್ಲಿ ಅವಳಿಗೆ ತನ್ನ ಮೂರನೇ ಸೆಮಿಸ್ಟರ್‌ನ ಮೂರು ಲ್ಯಾಬು, ಅವುಗಳ ಮೇಲೆ ಮೊದಲ ಸೆಮಿಸ್ಟರ್‌ನ ರಸಾಯನಶಾಸ್ತ್ರದ ಲ್ಯಾಬು. ವಾರಕ್ಕೆ ಒಂದೊಂದಕ್ಕೆ 4 ಗಂಟೆಯಂತೆ ಒಟ್ಟು 16 ಗಂಟೆ. ಮೊದಲ ವರ್ಷದವರ ಲ್ಯಾಬು ನಡೆಯುವ ಹೊತ್ತಿಗೆ ಅವಳಿಗೆ ಗಣಿತದ ತರಗತಿ. ಮೊದಲ ವರ್ಷದಲ್ಲಿ ಎರಡು ಲ್ಯಾಬ್ ಬ್ಯಾಚು ಇದ್ದದ್ದರಿಂದ ಇನ್ನೊಂದು ಬ್ಯಾಚಿನ ಜೊತೆ ಸೇರಿಸಿ ಈ ಗೋಜಲು ಬಿಡಿಸಿದರು. ಒಂದೇ ಬ್ಯಾಚು ಇರುವ ಚಿಕ್ಕ ಕಾಲೇಜಿನಲ್ಲಿ ಇದು ಸಾಧ್ಯವಾಗುತ್ತಿರಲಿಲ್ಲ. ಹಾಗಾಗಿ ಇಂಥ ದಾರಿ ಹಿಡಿಯುವವರು ಅನುಮತಿಗೆ ಅರ್ಜಿ ಹಾಕುವ ಮೊದಲೇ ಎರಡು ವರ್ಷಗಳ ಟೈಮ್‌ಟೇಬಲ್ ಪಕ್ಕಪಕ್ಕ ಇಟ್ಟು ನೋಡಬೇಕು.

ಆದೇಶದಲ್ಲಿ ಇರಲೇಬೇಕಾದ ಮಾತುಗಳು

ಅನುಮತಿ ಬಂತು ಎಂದು ಯಾರೋ ಫೋನಿನಲ್ಲಿ ಹೇಳಿದ್ದನ್ನು ನಂಬಿ ಕೂರಬಾರದು. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟ, ಚಿಂತಾಮಣಿ ಹಾದು ಕೋಲಾರಕ್ಕೆ ಹೋಗಿಬರುವುದು ಒಂದು ದಿನದ ಕೆಲಸವಾದರೂ ಆದೇಶದ ಪ್ರತಿ ಕೈಗೆ ಬರಬೇಕು, ಕೊಟ್ಟ ಪ್ರತಿ ಅರ್ಜಿಗೂ ಟಪಾಲು ವಿಭಾಗದ ಮೊಹರು ಮತ್ತು ಸಂಖ್ಯೆ ಇರುವ ಸ್ವೀಕೃತಿ ಇರಬೇಕು. ಮೊದಲು ಬಂದ ಕರಡಿನಲ್ಲಿ ಮೂರನೇ ಸೆಮಿಸ್ಟರ್‌ಗೆ ಪ್ರವೇಶ ನೀಡಬಹುದು ಎಂದಷ್ಟೇ ಇತ್ತು. ಹೆಚ್ಚುವರಿ ಪತ್ರಿಕೆಗಳು ಯಾವುವು, ಅವನ್ನು ಎಷ್ಟರೊಳಗೆ ಮುಗಿಸಬೇಕು, ಆಂತರಿಕ ಅಂಕ ಯಾರು ಕೊಡುತ್ತಾರೆ, ಅಂತಿಮ ದರ್ಜೆ ಲೆಕ್ಕ ಹಾಕುವಾಗ ಹಳೆಯ ವಿಶ್ವವಿದ್ಯಾಲಯದ ಮೊದಲ ವರ್ಷದ ಅಂಕ ಸೇರುತ್ತದೋ ಇಲ್ಲವೋ, ಇವೇನೂ ಇರಲಿಲ್ಲ. ಈ ಮಾತುಗಳಿಲ್ಲದೆ ಸೇರಿದವರು ಆರನೇ ಸೆಮಿಸ್ಟರ್ ಮುಗಿದ ಮೇಲೆ ಪದವಿ ಪ್ರಮಾಣಪತ್ರ ತಡೆಹಿಡಿಸಿಕೊಂಡು ಅಲೆಯುತ್ತಾರೆ. ಕಡತ ನೋಡುವ ಕೇಸ್ ವರ್ಕರ್ ಹತ್ತಿರವೇ ಕೂತು ಟಿಪ್ಪಣಿಗೆ ಸೇರಿಸಿಸಿಕೊಂಡಿದ್ದರಿಂದ ಅಂತಿಮ ಆದೇಶದಲ್ಲಿ ಎಲ್ಲವೂ ಬಂದವು. ದಾಟಿ ಬಂದವರನ್ನು ರ್‍ಯಾಂಕಿಗೆ ಪರಿಗಣಿಸದಿರುವುದು ಅನೇಕ ವಿಶ್ವವಿದ್ಯಾಲಯಗಳ ನಿಯಮ. ಅದನ್ನು ಬದಲಿಸಲು ಹೋಗಿ ಪ್ರಯೋಜನವಿಲ್ಲ.

ಅಂಕಗಳ ವಿಚಾರದಲ್ಲಿ ಇನ್ನೊಂದು ಗೊಂದಲ. ಎನ್‌ಇಪಿಯಲ್ಲಿ ಥಿಯರಿ ಪತ್ರಿಕೆಗೆ ಪರೀಕ್ಷೆ 60, ಆಂತರಿಕ 40. ಎಸ್‌ಇಪಿಯಲ್ಲಿ 80 ಮತ್ತು 20. ಒಟ್ಟು ನೂರೇ ಆದ್ದರಿಂದ ಮುಗಿದ ಪತ್ರಿಕೆಗಳ ಅಂಕ ಹಾಗೇ ಬರುತ್ತದೆ. ಆದರೆ ಹಳೆಯ ಕಡೆ ಪತ್ರಿಕೆ ಬಾಕಿ ಇಟ್ಟುಕೊಂಡು ಬಂದವರಿಗೆ ಆಂತರಿಕ 40ರಲ್ಲಿ ಪಡೆದ ಅಂಕವನ್ನು 20ಕ್ಕೆ ಇಳಿಸುವವರು ಯಾರು ಎಂಬ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ಬಾಕಿ ಪತ್ರಿಕೆಯಿದ್ದರೆ ವಿಶ್ವವಿದ್ಯಾಲಯ ಬದಲಿಸುವ ಯೋಚನೆಯನ್ನು ಅದು ಮುಗಿಯುವವರೆಗೆ ಬಿಡುವುದೇ ವಾಸಿ.

ಕ್ರೆಡಿಟ್ ಬ್ಯಾಂಕ್ ಇದೆಯಲ್ಲ ಎನ್ನುವವರಿಗೆ

ಗಳಿಸಿದ ಕ್ರೆಡಿಟ್ ಬ್ಯಾಂಕಿನಲ್ಲಿದ್ದರೆ ಹೊಸ ಕಡೆ ಹಾಗೇ ಸಿಗಬೇಕಲ್ಲ ಎಂದು ಮನೆಯವರು ಕೇಳಿದ ಪ್ರಶ್ನೆ ನ್ಯಾಯವಾದದ್ದೇ. ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2021ರ ಜುಲೈನಲ್ಲಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ನಿಯಮ ತಂದಿತು. ಡಿಜಿಲಾಕರ್ ಮೂಲಕ ಸಿಗುವ 12 ಅಂಕಿಯ ಐಡಿಯಲ್ಲಿ ಕ್ರೆಡಿಟ್‌ಗಳು ಜಮೆಯಾಗುತ್ತವೆ, ಗರಿಷ್ಠ 7 ವರ್ಷ ಬಾಳುತ್ತವೆ. ಅವಳ ಮೊದಲ ವರ್ಷದ ಕ್ರೆಡಿಟ್‌ಗಳೂ ಅಲ್ಲಿದ್ದವು. ಆದರೆ ಕ್ರೆಡಿಟ್ ಇರುವುದು ಬೇರೆ, ಅದನ್ನು ಯಾವ ಪತ್ರಿಕೆಯ ಬದಲಿಗೆ ಒಪ್ಪಬೇಕೆಂಬುದು ಬೇರೆ. ಎರಡನೆಯದನ್ನು ತೀರ್ಮಾನಿಸುವುದು ಸೇರಿಸಿಕೊಳ್ಳುವ ವಿಶ್ವವಿದ್ಯಾಲಯವೇ.

ಅದೇ ನಿಯಮದಲ್ಲಿ ಇನ್ನೊಂದು ಮಿತಿ ಇದೆ, ಅದನ್ನು ಯಾರೂ ಮೊದಲು ನೋಡುವುದಿಲ್ಲ: ಪದವಿ ಕೊಡುವ ಸಂಸ್ಥೆಯಿಂದಲೇ ಕನಿಷ್ಠ ಶೇ. 50 ಕ್ರೆಡಿಟ್ ಗಳಿಸಿರಬೇಕು. ಯುಜಿಸಿಯ 2022ರ ಚೌಕಟ್ಟಿನಂತೆ ಮೂರು ವರ್ಷದ ಪದವಿಗೆ 120, ನಾಲ್ಕು ವರ್ಷದ್ದಕ್ಕೆ 160 ಕ್ರೆಡಿಟ್ ಎಂದು ಲೆಕ್ಕ ಹಿಡಿಯೋಣ. ಮೊದಲ ವರ್ಷ ಮುಗಿಸಿ ದಾಟಿದರೆ ಹೊಸ ಕಡೆ 80 ಕ್ರೆಡಿಟ್ ಆಗುತ್ತದೆ, ತೊಂದರೆಯಿಲ್ಲ. ಮೂರು ವರ್ಷದ ಪದವಿಯಲ್ಲಿ ಎರಡು ವರ್ಷ ಮುಗಿಸಿ ದಾಟಿದರೆ ಹೊಸ ಕಡೆ ಉಳಿಯುವುದು 40 ಮಾತ್ರ, 60 ತುಂಬುವುದಿಲ್ಲ. ನಾಲ್ಕು ವರ್ಷದ್ದಾದರೆ ಎರಡು ವರ್ಷದ ನಂತರವೂ ಸರಿಯಾಗಿ ಅರ್ಧ ಉಳಿಯುತ್ತಿತ್ತು. ಮೂರು ವರ್ಷಕ್ಕೆ ಮರಳಿದ್ದರಿಂದ ದಾಟುವ ಅವಧಿಯೂ ಕಿರಿದಾಯಿತು.

ನಾಲ್ಕನೇ ವರ್ಷ ಕೈತಪ್ಪಿದ್ದು ಎಷ್ಟು ದೊಡ್ಡ ನಷ್ಟ ಎಂಬುದು ಮುಂದೇನು ಓದುತ್ತಾರೆ ಎಂಬುದರ ಮೇಲಿದೆ. ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಪಡೆದವರು ಎಂಎಸ್ಸಿ ಇಲ್ಲದೆಯೂ ಪಿಎಚ್‌ಡಿಗೆ ಅರ್ಹರು ಎನ್ನುತ್ತದೆ ಯುಜಿಸಿಯ 2022ರ ನಿಯಮ. ಸಂಶೋಧನೆಯ ಆಸೆ ಇದ್ದವರಿಗೆ ಇದು ನಷ್ಟವೇ. ಈ ಹುಡುಗಿಗೆ ಬಿಇಡಿ ಮಾಡಿ ಹೈಸ್ಕೂಲಿನಲ್ಲಿ ಪಾಠ ಹೇಳುವ ಮನಸ್ಸು. ಅದಕ್ಕೆ ಮೂರು ವರ್ಷದ ಬಿಎಸ್ಸಿ ಸಾಕು, ಮೇಲಾಗಿ ರಸಾಯನಶಾಸ್ತ್ರವೂ ಸೇರಿದ್ದು ಅನುಕೂಲವೇ ಆಯಿತು.

ಸರಿಯಾದ ಕ್ರಮ

ಮೊದಲು ಹೊಸ ಕಾಲೇಜಿನಲ್ಲಿ ಅದೇ ಕಾಂಬಿನೇಷನ್, ಅದೇ ಪಠ್ಯಕ್ರಮದಲ್ಲಿ ಸೀಟು ಖಾಲಿ ಇದೆ ಎಂಬ ಪ್ರಾಂಶುಪಾಲರ ಪತ್ರ. ಇದು ಬೇಸಿಗೆಯಲ್ಲೇ, ಎರಡನೇ ಸೆಮಿಸ್ಟರ್ ನಡೆಯುತ್ತಿರುವಾಗಲೇ ಆಗಬೇಕು. ಅದನ್ನು ತೋರಿಸಿ ಹಳೆಯ ಕಾಲೇಜಿನಿಂದ ಎನ್‌ಒಸಿ, ವ್ಯಾಸಂಗ ಪ್ರಮಾಣಪತ್ರ, ಪುಟಪುಟಕ್ಕೂ ಸಹಿ ಮೊಹರು ಹಾಕಿದ ಪಠ್ಯಕ್ರಮ. ಮೊದಲ ಸೆಮಿಸ್ಟರ್ ಅಂಕಪಟ್ಟಿ ಮತ್ತು ಹೋಲಿಕೆಯ ಹಾಳೆ ಇಟ್ಟು ತತ್ಸಮಾನತೆಗೆ ಅರ್ಜಿ, ಎರಡನೆಯದರ ಫಲಿತಾಂಶ ಬಂದ ಕೂಡಲೇ ಸೇರಿಸುವುದಾಗಿ ಮುಚ್ಚಳಿಕೆ. ಈ ನಡುವೆ ಹಳೆಯ ಕಾಲೇಜಿನಲ್ಲಿ ಮೂರನೇ ಸೆಮಿಸ್ಟರ್ ಪ್ರವೇಶ ನವೀಕರಿಸಿಕೊಂಡಿರುವುದು; ಕಟ್ಟಿದ ಫೀಸು ವಾಪಸು ಬರದೆ ಹೋದರೂ ಅದು ಒಂದು ವರ್ಷದ ಬೆಲೆಗಿಂತ ಕಡಿಮೆ. ಅನುಮತಿಯ ಆದೇಶ ಕೈಗೆ ಬಂದ ಮೇಲೆ ಮೈಗ್ರೇಷನ್, ಎಲ್ಲಕ್ಕಿಂತ ಕೊನೆಗೆ ಟಿಸಿ.

ಟಿಸಿ ಕೊಟ್ಟ ದಿನವೇ ಹಳೆಯ ಕಾಲೇಜಿನವರು ರಾಜ್ಯದ ವಿಶ್ವವಿದ್ಯಾಲಯ, ಕಾಲೇಜುಗಳ ಪ್ರವೇಶ ಮತ್ತು ಪರೀಕ್ಷೆ ದಾಖಲಾಗುವ ಯುಯುಸಿಎಂಎಸ್ ಪೋರ್ಟಲ್‌ನಲ್ಲೂ ಅದನ್ನು ದಾಖಲಿಸಿದ್ದಾರೆಯೇ ಎಂದು ಅಲ್ಲೇ ನಿಂತು ನೋಡಿಕೊಳ್ಳಬೇಕು. ಇಲ್ಲಿ ಕಾಗದದ ಟಿಸಿ ಬಂದಿತ್ತು, ಪೋರ್ಟಲ್‌ನಲ್ಲಿ ಅವಳು ಇನ್ನೂ ಹಳೆಯ ಕಾಲೇಜಿನ ವಿದ್ಯಾರ್ಥಿನಿಯಾಗಿಯೇ ಇದ್ದಳು. ಹೊಸ ಕಾಲೇಜಿನವರಿಗೆ ಪ್ರವೇಶ ದಾಖಲಿಸಲು ಆಗಲಿಲ್ಲ, ಒಂದು ಕ್ಲಿಕ್ಕಿಗಾಗಿ ಮತ್ತೆ ತುಮಕೂರಿಗೆ ಹೋಗಬೇಕಾಯಿತು. ಸೇರಿದ ಮೇಲೆ ಹೆಚ್ಚುವರಿ ಪತ್ರಿಕೆಗಳನ್ನು ಕಾಲೇಜಿನ ಲಾಗಿನ್‌ನಿಂದ ಅವಳ ಹೆಸರಿಗೆ ಜೋಡಿಸದ ಹೊರತು ಪರೀಕ್ಷಾ ಅರ್ಜಿಯಲ್ಲಿ ಅವು ಕಾಣಲಿಲ್ಲ. ಅದನ್ನು ಅರ್ಜಿಯ ಕೊನೆಯ ದಿನ ಗಮನಿಸಿದರೆ ಏನೂ ಮಾಡಲಾಗುವುದಿಲ್ಲ, ಪರೀಕ್ಷೆಗೆ ತಿಂಗಳು ಇರುವಾಗಲೇ ನೋಡಬೇಕು.

ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಹೊಸ ಅರ್ಜಿ ಹಾಕುವಾಗ ಹೊಸ ರಿಜಿಸ್ಟರ್ ನಂಬರನ್ನೇ ಕೊಡಬೇಕು. ಅದು ಬರುವ ಮೊದಲೇ ಹಳೆಯದನ್ನು ಹಾಕಿದರೆ ಅರ್ಜಿ ಹಳೆಯ ಕಾಲೇಜಿಗೆ ಹೋಗಿ ನಿಲ್ಲುತ್ತದೆ. ಹಾಸ್ಟೆಲ್ ಸಿಗದೆ ವಿದ್ಯಾಸಿರಿ ಪಡೆಯುವವರಿಗೆ 10 ತಿಂಗಳು ಊಟ, ವಸತಿಗೆ ಹಣ ಬರುತ್ತದೆ. ಈ ಒಂದು ನಂಬರಿನ ತಪ್ಪಿಗೆ ಅಷ್ಟೂ ಹೋಗುತ್ತದೆ. ಕೊನೆಯದಾಗಿ, ಎರಡೂ ವಿಶ್ವವಿದ್ಯಾಲಯಗಳ ದಾಖಲೆಯಲ್ಲಿ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದಂತೆಯೇ, ಇನಿಷಿಯಲ್‌ನ ಜಾಗ ಸಮೇತ ಒಂದೇ ಇರಬೇಕು. ಅವಳದ್ದು ತುಮಕೂರಿನಲ್ಲಿ ಇನಿಷಿಯಲ್ ಮುಂದೆ, ಇಲ್ಲಿ ಹಿಂದೆ ಆಗಿತ್ತು; ಕ್ರೆಡಿಟ್ ಬ್ಯಾಂಕಿನ ಐಡಿಗೆ ಹೊಸ ಸೆಮಿಸ್ಟರ್ ಜೋಡಣೆಯಾಗಲಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಪ್ರತಿ ಇಟ್ಟು ತಿದ್ದುಪಡಿ ಅರ್ಜಿ ಕೊಟ್ಟ ಮೇಲೆ ಸರಿಹೋಯಿತು.